ಬರೋಕ್ ಸಂಗೀತ ಕೇಳೋದನ್ನು ಕಲಿಯೋದು ಹೇಗೆ: ಕೆಳಗಿನ ದನಿಯಿಂದ ಮೇಲಕ್ಕೆ ಎಂಟು ಹಂತ

ಬರೋಕ್, ಅಂದರೆ ಯುರೋಪಿನ ಹಳೇ ಶಾಸ್ತ್ರೀಯ ಸಂಗೀತ, ಕೇಳಬೇಕು, ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ಮೊದಲೆಲ್ಲ ಒಂದು ಪಟ್ಟಿ ಬರೆದು ಕೊಡುತ್ತಿದ್ದೆ. ಆ ಕಾಲದ ರಚನಕಾರರಲ್ಲಿ ಬಾಖ್‌ದು ಹತ್ತು, ವಿವಾಲ್ಡಿದು ಐದು, ಹ್ಯಾಂಡೆಲ್‌ದು ಐದು. ತಿಂಗಳು ಬಿಟ್ಟು ವಿಚಾರಿಸಿದರೆ ಉತ್ತರ ಹೆಚ್ಚು ಕಮ್ಮಿ ಒಂದೇ: "ಚೆನ್ನಾಗಿದೆ ಸಾರ್, ಆದ್ರೆ ಎಲ್ಲ ಒಂದೇ ಥರ ಕೇಳುತ್ತೆ." ಇನ್ನು ಕೆಲವರು "ಕೆಲಸ ಮಾಡ್ತಾ ಹಾಕ್ಕೊಂಡಿದ್ದೆ, ಹಿತವಾಗಿತ್ತು" ಅನ್ನುತ್ತಿದ್ದರು. ಅಂದರೆ ಕೇಳಿಲ್ಲ ಅಂತಲೇ ಅರ್ಥ.

ಕಾರಣ ಗೊತ್ತಾಗಿದ್ದು ನಮ್ಮ ಅತ್ತಿಗೆಯಿಂದ. ಎಂಟು ವರ್ಷ ಕರ್ನಾಟಕ ಸಂಗೀತ ಕಲಿತವರು. ಒಂದು ದಿನ ಬಾಖ್‌ನ ಒಂದು ಕಾನ್ಚೆರ್ಟೊ (ಒಬ್ಬರೋ ಕೆಲವರೋ ಮುಂದೆ ನಿಂತು, ಉಳಿದ ತಂಡ ಜೊತೆಗೆ ನುಡಿಸುವ ಕೃತಿ) ಹಾಕಿದ್ದೆ. ಸೊಪ್ಪು ಬಿಡಿಸುತ್ತಾ ಐದು ನಿಮಿಷ ಕೇಳಿ, "ಏನೋ ಇದು, ಇದರಲ್ಲಿ ಯಾರು ಹಾಡ್ತಿರೋದು, ಯಾರು ಪಕ್ಕವಾದ್ಯ?" ಅಂದರು. ಪ್ರಶ್ನೆ ಸರಿಯಾಗಿತ್ತು. ನಮ್ಮ ಕಿವಿ ಬೆಳೆದಿರೋದೇ ಹಾಗೆ. ಮೇಲೆ ಒಬ್ಬರು ಹಾಡುತ್ತಾರೆ, ಕೆಳಗೆ ತಂಬೂರಿ ಕದಲದೆ ಕೂತಿರುತ್ತೆ. ಸಿನಿಮಾ ಹಾಡಲ್ಲೂ ನಾವು ಗುನುಗೋದು ಗಾಯಕರ ಸಾಲನ್ನೇ. ಬರೋಕ್‌ನಲ್ಲಿ ಕೆಳಗಿನ ದನಿ ಕೂತಿರೋದಿಲ್ಲ, ಓಡಾಡುತ್ತೆ. ಮೇಲಿನದೆಲ್ಲ ನಿಂತಿರೋದು ಅದರ ಮೇಲೆ. ಆ ದನಿಯನ್ನು ಬಿಟ್ಟು ಮೇಲಿನದನ್ನೇ ಹಿಡಿದರೆ ಎಲ್ಲವೂ ಒಂದೇ ಥರ ಕೇಳದೆ ಇನ್ನೇನಾಗುತ್ತೆ?

ಹಾಗಾಗಿ ಈಗ ಪಟ್ಟಿ ಕೊಡೋದು ಬಿಟ್ಟು ಒಂದು ಕ್ರಮ ಹೇಳಿಕೊಡುತ್ತೇನೆ. ಸುಮಾರು 1600ರಿಂದ 1750ರವರೆಗಿನ ಯುರೋಪಿನ ಸಂಗೀತಕ್ಕೆ ಬರೋಕ್ ಅನ್ನುತ್ತಾರೆ ಅನ್ನೋದು ಗೊತ್ತಿದ್ದರೆ ಸಾಕು. ಹಂತ ಹಾರಿಸಬೇಡಿ. ಒಂದು ಹಂತಕ್ಕೆ ಮೂರ್ನಾಲ್ಕು ದಿನ, ದಿನಕ್ಕೆ ಕಾಲು ಗಂಟೆ ಕೊಡಿ.

ಶುರು ಮಾಡೋ ಮುಂಚೆ ಏನೇನು ಬೇಕು

ಮೊದಲನೇದು ಇಯರ್‌ಫೋನ್ ಅಥವಾ ಒಂದು ಸಾಧಾರಣ ಸ್ಪೀಕರ್. ಮೊಬೈಲ್‌ನ ಸ್ವಂತ ಸ್ಪೀಕರ್‌ನಲ್ಲಿ ಕೇಳಲೇಬೇಡಿ. ಅದರಿಂದ ಕೆಳಸ್ವರ ಸರಿಯಾಗಿ ಹೊರಗೇ ಬರೋದಿಲ್ಲ. ನಾವು ಹುಡುಕುತ್ತಿರೋದೇ ಕೆಳಸ್ವರ. ಅರ್ಧ ಜನ ಸೋಲೋದು ಇಲ್ಲೇ, ಅದೂ ಗೊತ್ತಿಲ್ಲದೆ.

ಎರಡನೇದು ಶ್ರುತಿ ಆ್ಯಪ್ ಅಥವಾ ಕೀಬೋರ್ಡ್. ಸಂಗೀತ ಕಲಿತಿಲ್ಲದಿದ್ದರೂ ಪರವಾಗಿಲ್ಲ, ಸ್ವರ ಹಿಡಿಯೋಕೆ ಇದು ಸಹಾಯ ಮಾಡುತ್ತೆ. ಸ್ವರ ಸಿಕ್ಕ ಮೇಲೆ ಶ್ರುತಿ ನಿಲ್ಲಿಸಿಬಿಡಿ. ಶ್ರುತಿ ಹಾಕಿಕೊಂಡೇ ಬರೋಕ್ ಕೇಳಿದರೆ ಎರಡೂ ಜಗಳ ಆಡುತ್ತವೆ, ಯಾಕೆಂದರೆ ಅಲ್ಲಿ ಆಧಾರ ಬದಲಾಗುತ್ತಲೇ ಇರುತ್ತೆ.

ಮೂರನೇದು ಒಂದು ಪೆನ್ನು, ಒಂದು ಹಾಳೆ. ಎಣಿಸಿ ಗೀಟು ಹಾಕೋಕೆ. ಪಾಶ್ಚಾತ್ಯ ನೊಟೇಶನ್ ಓದೋಕೆ ಬಂದರೆ ಐಎಂಎಸ್‌ಎಲ್‌ಪಿ ಎಂಬ ಜಾಲತಾಣದಲ್ಲಿ ಹಳೆಯ ಪ್ರತಿಗಳು ಉಚಿತವಾಗಿ ಸಿಗುತ್ತವೆ. ಬಾರದಿದ್ದರೆ ಈಗಲೇ ಕಲಿಯೋಕೆ ಹೋಗಬೇಡಿ, ಕಿವಿಯ ಕೆಲಸ ಹಿಂದೆ ಬೀಳುತ್ತೆ. ಬಾಖ್‌ನ ಕೃತಿಗಳನ್ನು ಕಣ್ಣಲ್ಲಿ ನೋಡುತ್ತಾ ಕೇಳಬೇಕೆಂದರೆ ನೆದರ್ಲೆಂಡ್ಸ್ ಬಾಖ್ ಸೊಸೈಟಿಯವರ 'ಆಲ್ ಆಫ್ ಬಾಖ್' ವಿಡಿಯೊಗಳಿವೆ. ದುಡ್ಡು ಕೊಡಬೇಕಾಗಿಲ್ಲ. ಯಾರು ಯಾವಾಗ ನುಡಿಸುತ್ತಿದ್ದಾರೆ ಅನ್ನೋದು ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣುತ್ತೆ.

ಹುಡುಕುವಾಗ ಹೆಸರಿನಿಂದ ಹುಡುಕಬೇಡಿ, ನಂಬರಿನಿಂದ ಹುಡುಕಿ. 'ಡಿ ಮೈನರ್ ಕಾನ್ಚೆರ್ಟೊ' ಎಂದು ಬರೆದರೆ ರಾಶಿ ಬಂದು ಬೀಳುತ್ತೆ. ಬಾಖ್‌ನ ಕೃತಿಗಳಿಗೆ ಬಿಡಬ್ಲ್ಯೂವಿ ನಂಬರ್, ವಿವಾಲ್ಡಿಗೆ ಆರ್‌ವಿ, ಹ್ಯಾಂಡೆಲ್‌ಗೆ ಎಚ್‌ಡಬ್ಲ್ಯೂವಿ. ಕೆಳಗೆ ಬೇಕಾದಲ್ಲಿ ನಂಬರ್ ಕೊಟ್ಟಿದ್ದೇನೆ.

ಹಂತ 1: ಎಂಟು ಸ್ವರ ಹಿಡಿದುಕೊಂಡು ಕೂರಿ

ಕೃತಿ: ಪಾಖೆಲ್‌ಬೆಲ್‌ನ ಕ್ಯಾನನ್, ಡಿ ಮೇಜರ್.

ಮದುವೆ ವಿಡಿಯೊಗಳಲ್ಲಿ, ಲಿಫ್ಟ್‌ಗಳಲ್ಲಿ, ಫೋನ್ ಹೋಲ್ಡ್‌ನಲ್ಲಿ ಕೇಳಿ ಕೇಳಿ ಬೇಸರ ಬಂದಿರಬಹುದು. ಆದರೂ ಇದರಿಂದಲೇ ಶುರು ಮಾಡಿ. ಯಾಕೆಂದರೆ ಇದರಲ್ಲಿ ಕೆಳಗಿನ ದನಿ ಮೊದಲು ಒಂದು ಸುತ್ತು ಒಬ್ಬಂಟಿಯಾಗಿ ಬರುತ್ತೆ, ಆಮೇಲೇ ಪಿಟೀಲುಗಳು ಸೇರಿಕೊಳ್ಳುತ್ತವೆ.

ಡಿ ಅನ್ನೋದು ಪಾಶ್ಚಾತ್ಯ ಸ್ವರದ ಹೆಸರು. ಅದನ್ನು ಸ ಎಂದುಕೊಂಡರೆ ಆ ಎಂಟು ಸ್ವರ ಹೀಗೆ: ಸ ಪ ದ ಗ ಮ ಸ ಮ ಪ. ಎಲ್ಲವೂ ಶಂಕರಾಭರಣದ ಸ್ವರಗಳೇ, ಮೇಜರ್ ಅಂದರೆ ಅದೇ. ಮೊದಲ ಸ ಮೇಲಿನದು, ಅಲ್ಲಿಂದ ಕೆಳಗಿಳಿದು ಕೊನೆಯ ಮ ಪ ಹೊತ್ತಿಗೆ ಮತ್ತೆ ಹತ್ತಲು ಶುರುವಾಗುತ್ತೆ. ಗಮಕ ಬೇಡ, ನಿಂತ ಸ್ವರಗಳನ್ನಾಗಿಯೇ ಹಾಡಿ.

ಮೊದಲ ಸಲ ಈ ಎಂಟು ಸ್ವರವನ್ನು ಮಾತ್ರ ಗುನುಗಿ, ಮೇಲೆ ಏನು ನಡೆದರೂ ತಲೆ ಕೆಡಿಸಿಕೊಳ್ಳಬೇಡಿ. ಸುತ್ತು ಮುಗಿದಾಗಲೆಲ್ಲ ಹಾಳೆ ಮೇಲೆ ಒಂದು ಗೀಟು ಹಾಕಿ. ಕೊನೆಗೆ 28 ಗೀಟು ಇರಬೇಕು. 25 ಬಂದರೆ ಮಧ್ಯೆ ಎಲ್ಲೋ ಪಿಟೀಲಿನ ಹಿಂದೆ ಹೋಗಿದ್ದೀರಿ. ಮತ್ತೆ ಮೊದಲಿನಿಂದ ಹಾಕಿ.

28 ಸರಿಯಾಗಿ ಬಂದ ಮೇಲೆ ಮೇಲಕ್ಕೆ ಕಿವಿ ಕೊಡಿ. ಮೂರು ಪಿಟೀಲು ಇವೆ. ಮೊದಲನೆಯದು ನುಡಿಸಿದ್ದನ್ನೇ ಎರಡನೆಯದು ಒಂದು ಸುತ್ತು ತಡವಾಗಿ ನುಡಿಸುತ್ತೆ, ಮೂರನೆಯದು ಇನ್ನೊಂದು ಸುತ್ತು ತಡವಾಗಿ. ಮೂವರದೂ ಒಂದೇ ಸಾಹಿತ್ಯ, ಹೊರಟ ಹೊತ್ತು ಮಾತ್ರ ಬೇರೆ. ಕ್ಯಾನನ್ ಅಂದರೆ ಇದೇ.

ಸಾಮಾನ್ಯ ತಪ್ಪು: ಪಿಯಾನೊದಲ್ಲಿ, ಗಿಟಾರ್‌ನಲ್ಲಿ ಹೊಸದಾಗಿ ಜೋಡಿಸಿದ್ದನ್ನು ಕೇಳೋದು. ಅವುಗಳಲ್ಲಿ ಎಷ್ಟೋ ಸಲ ಮೂರು ದನಿಯೇ ಇರೋದಿಲ್ಲ. ಮೂರು ಪಿಟೀಲು ಮತ್ತು ಬೇಸ್ (ಅದೇ ಕೆಳಗಿನ ದನಿ) ಇರುವ ಧ್ವನಿಮುದ್ರಣವನ್ನೇ ಹುಡುಕಿ.

ಇನ್ನೊಂದು ತೊಡಕು: ಶ್ರುತಿ ಆ್ಯಪ್‌ನಲ್ಲಿ ಡಿ ಇಟ್ಟರೂ ಹೊಂದುತ್ತಿಲ್ಲವಾ? ಅರ್ಧ ಸ್ವರ ಕೆಳಗೆ, ಸಿ ಶಾರ್ಪ್‌ಗೆ ಇಳಿಸಿ ನೋಡಿ. ಇವತ್ತಿನ ವಾದ್ಯಗೋಷ್ಠಿಗಳು ಎ ಸ್ವರವನ್ನು ಸುಮಾರು 440 ಹರ್ಟ್ಸ್‌ಗೆ ಇಟ್ಟುಕೊಂಡರೆ, ಹಳೇ ವಾದ್ಯಗಳಲ್ಲಿ ನುಡಿಸುವ ಬರೋಕ್ ತಂಡಗಳು ಹೆಚ್ಚಾಗಿ 415 ಹರ್ಟ್ಸ್‌ಗೆ ಇಡುತ್ತವೆ. ತಪ್ಪು ನಿಮ್ಮ ಕಿವಿಯದಲ್ಲ.

ಹಂತ 2: ಬೇಸ್ ಒಂದು ಕಡೆ, ಹಾಡು ಇನ್ನೊಂದು ಕಡೆ

ಕೃತಿ: ಹೆನ್ರಿ ಪರ್ಸೆಲ್‌ನ 'ಡೈಡೊ ಅಂಡ್ ಈನಿಯಸ್' ಒಪೆರಾದ (ಹಾಡಿನಲ್ಲೇ ನಡೆಯುವ ನಾಟಕ) ಕೊನೆಯಲ್ಲಿ ಡೈಡೊ ಹಾಡುವ ಶೋಕಗೀತೆ, 'ವೆನ್ ಐ ಆಮ್ ಲೈಡ್ ಇನ್ ಅರ್ತ್'.

ಇಲ್ಲೂ ಕೆಳಗಿನ ದನಿ ಮೊದಲು ತಾನೊಂದೇ ಬರುತ್ತೆ. ಆದರೆ ಇದು ಪಾಖೆಲ್‌ಬೆಲ್‌ನಷ್ಟು ಸರಳ ಅಲ್ಲ. ಸ ಇಂದ ಪ ವರೆಗೆ ಒಂದು ಮೆಟ್ಟಿಲೂ ಬಿಡದೆ ಅರ್ಧರ್ಧ ಸ್ವರವಾಗಿ ಇಳಿಯುತ್ತೆ: ಸ, ಕಾಕಲಿ ನಿ, ಕೈಶಿಕಿ ನಿ, ಚತುಶ್ರುತಿ ದ, ಶುದ್ಧ ದ, ಪ. ಎರಡು ನಿ, ಎರಡು ದ ಹೀಗೆ ಸಾಲಾಗಿ ಬರೋದನ್ನು ನಮ್ಮ ಕಚೇರಿಗಳಲ್ಲಿ ಕೇಳಿ ಅಭ್ಯಾಸ ಇಲ್ಲ. ಮೊದಲ ಸಲ ಹಾಡುವಾಗ ಗಂಟಲು ಮಧ್ಯದ ಒಂದೆರಡು ಮೆಟ್ಟಿಲನ್ನು ತಾನಾಗಿಯೇ ಹಾರಿಸಿಬಿಡುತ್ತೆ. ಅತ್ತಿಗೆಯೂ ಹಾರಿಸಿದರು, ಮೂರು ಸಲ. ಕೀಬೋರ್ಡ್ ಮೇಲೆ ಕಪ್ಪು ಬಿಳಿ ಎಲ್ಲ ಮನೆಗಳನ್ನೂ ಒಂದೊಂದಾಗಿ ಒತ್ತಿ ಇಳಿದ ಮೇಲೆ ಸರಿಯಾಯಿತು.

ಪ ಮುಟ್ಟಿದ ಮೇಲೆ ಬೇಸ್ ಒಂದು ಸಣ್ಣ ತಿರುವು ಹಾಕಿ ಸಗೆ ವಾಪಸ್ ಬರುತ್ತೆ. ಒಟ್ಟು ಐದು ಅಳತೆಯ (ಅಳತೆ ಅಂದರೆ ಬಾರ್, ನಮ್ಮ ಆವರ್ತದ ಹಾಗೆ) ಸುತ್ತು, 11 ಸಲ. ಈ ಐದು ಅನ್ನೋದನ್ನು ಗಮನಿಸಿ. ಹಾಡಿನ ಸಾಲುಗಳು ಈ ಸುತ್ತಿನ ಜೊತೆ ಶುರುವಾಗಿ ಜೊತೆಗೇ ಮುಗಿಯೋದಿಲ್ಲ. ಬೇಸ್ ಸಗೆ ಬಂದು ಸೇರುವ ಹೊತ್ತಿಗೆ ಅವಳ ಮಾತು ಇನ್ನೂ ಅರ್ಧಕ್ಕಿರುತ್ತೆ. ತಾಳ ಒಂದು ಕಡೆ, ಸಾಹಿತ್ಯದ ಎಡುಪು ಇನ್ನೊಂದು ಕಡೆ ಇದ್ದ ಹಾಗೆ. ಆ ಹೊಂದದೇ ಇರೋದರಲ್ಲೇ ಹಾಡಿನ ನೋವೆಲ್ಲ ಇರೋದು.

ಮಾಡಬೇಕಾದ್ದು: ಬಲಗೈಯಲ್ಲಿ ಬೇಸ್‌ನ ಸುತ್ತು ಎಣಿಸಿ. ಅವಳು 'ರಿಮೆಂಬರ್ ಮಿ' ಎಂದು ಶುರು ಮಾಡುವಾಗ ಬೇಸ್ ಎಲ್ಲಿದೆ ಅಂತ ಹಿಡಿಯಿರಿ. ಅವಳ ದನಿ ನಿಂತ ಮೇಲೂ ವಾದ್ಯಗಳು ಮುಂದುವರಿಯುತ್ತವೆ. ಅಲ್ಲಿ ನಿಲ್ಲಿಸಿಬಿಡಬೇಡಿ, ಈಗ ಆ ಇಳಿತ ಮೇಲಿನ ಪಿಟೀಲುಗಳಿಗೂ ಬಂದಿರುತ್ತೆ.

ಎಚ್ಚರಿಕೆಯ ಗುರುತು: ಹಾಡು ಮುಗಿದ ಮೇಲೆ ನಿಮಗೆ ನೆನಪಿರೋದು ಗಾಯಕಿಯ ಸಾಲು ಮಾತ್ರ ಆಗಿದ್ದರೆ ಈ ಹಂತ ಇನ್ನೂ ಮುಗಿದಿಲ್ಲ.

ಹಂತ 3: ಕೆಳಗೆ ಕೂತಿರೋರು ಯಾರು ಅಂತ ನೋಡಿ

ಇದು ಸಣ್ಣ ಹಂತ, ಒಂದೇ ದಿನ ಸಾಕು. ಆದರೆ ವಿಡಿಯೊ ಬೇಕು.

ಬರೋಕ್ ತಂಡದಲ್ಲಿ ಕೆಳಗಿನ ದನಿ ನುಡಿಸೋದು ಸಾಮಾನ್ಯವಾಗಿ ಒಬ್ಬರಲ್ಲ. ಚೆಲ್ಲೋ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಥರದ ಒಂದು ವಾದ್ಯ ಬೇಸ್ ಸಾಲನ್ನು ಹಾಗೇ ನುಡಿಸುತ್ತೆ. ಪಕ್ಕದಲ್ಲಿ ಹಾರ್ಪ್ಸಿಕಾರ್ಡ್, ಸಣ್ಣ ಆರ್ಗನ್ ಅಥವಾ ಥಿಯೋರ್ಬೊ ಎಂಬ ಉದ್ದ ಕತ್ತಿನ ತಂತಿವಾದ್ಯ ಅದೇ ಸಾಲಿನ ಮೇಲೆ ಸ್ವರಗುಚ್ಛಗಳನ್ನು ತುಂಬುತ್ತೆ. ಈ ಜೋಡಿಗೆ ಕಂಟಿನ್ಯೂವೋ ಅಂತ ಹೆಸರು.

ಈ ತುಂಬುವವರ ಮುಂದಿರುವ ಹಾಳೆಯಲ್ಲಿ ಬೇಸ್ ಸ್ವರ, ಅದರ ಜೊತೆ 6, 7, 4 ಇಂಥ ಅಂಕಿಗಳು, ಅಷ್ಟೇ. ಯಾವ ಬೆರಳು, ಎಷ್ಟು ಸ್ವರ, ಒಟ್ಟಿಗೆ ಒತ್ತೋದಾ ಬಿಡಿಸಿ ಮೀಟೋದಾ, ಎಲ್ಲ ಅವರ ಮನೋಧರ್ಮ. ಪಾಶ್ಚಾತ್ಯ ಸಂಗೀತ ಅಂದರೆ ಬರೆದದ್ದನ್ನು ಓದೋದು ಮಾತ್ರ ಅಂದುಕೊಂಡವರು ಈ ಮೂಲೆ ಕಡೆ ಒಮ್ಮೆ ನೋಡಬೇಕು. ಒಂದೇ ಕೃತಿಯ ಎರಡು ಧ್ವನಿಮುದ್ರಣ ಹಾಕಿ ಹಾರ್ಪ್ಸಿಕಾರ್ಡ್ ಮಾತ್ರ ಕೇಳಿ. ಬೇರೆ ಬೇರೆ ಇರುತ್ತೆ.

ಅಂದಹಾಗೆ ಹಾರ್ಪ್ಸಿಕಾರ್ಡ್ ಪಿಯಾನೊ ಅಲ್ಲ. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಹೊಡೆಯುತ್ತೆ, ಇದರಲ್ಲಿ ತಂತಿಯನ್ನು ಮೀಟುತ್ತೆ. ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ದನಿ ಹೆಚ್ಚು ಕಮ್ಮಿ ಒಂದೇ. ಮೊದಲ ವಾರ ಕಿವಿಗೆ ಸ್ವಲ್ಪ ಚುಚ್ಚಬಹುದು. ವಾಲ್ಯೂಮ್ ಒಂದೆರಡು ಅಂಕ ಕಮ್ಮಿ ಮಾಡಿ, ಸರಿಹೋಗುತ್ತೆ.

ಹಂತ 4: ಪಲ್ಲವಿ ವಾಪಸ್ ಬರೋದನ್ನು ಹಿಡಿಯಿರಿ

ಕೃತಿ: ವಿವಾಲ್ಡಿಯ 'ಫೋರ್ ಸೀಸನ್ಸ್'ನಲ್ಲಿ ಮೊದಲನೆಯದು, ವಸಂತ. ಆರ್‌ವಿ 269.

1725ರಲ್ಲಿ ಅಚ್ಚಾದ ಈ ನಾಲ್ಕು ಕಾನ್ಚೆರ್ಟೊಗಳ ಜೊತೆ ನಾಲ್ಕು ಪದ್ಯಗಳೂ ಇದ್ದವು. ಹಕ್ಕಿ, ತೊರೆ, ಗುಡುಗು ಎಲ್ಲ ಪದ್ಯದಲ್ಲೂ ಇದೆ, ಸ್ವರದಲ್ಲೂ ಇದೆ. ಹೊಸಬರು ಹಕ್ಕಿ ಎಲ್ಲಿ, ಗುಡುಗು ಎಲ್ಲಿ ಅಂತ ಹುಡುಕುತ್ತಾ ಕೂರುತ್ತಾರೆ. ಅದು ಸುಲಭದ ಕೆಲಸ, ಹುಡುಕದಿದ್ದರೂ ಸಿಗುತ್ತೆ. ನೀವು ಹುಡುಕಬೇಕಾದ್ದು ಎಲ್ಲರೂ ಸೇರಿ ನುಡಿಸುವ ಸಾಲನ್ನು. ಅದಕ್ಕೆ ರಿತೋರ್ನೆಲ್ಲೊ ಅನ್ನುತ್ತಾರೆ. ಚರಣ ಚರಣಕ್ಕೂ ಮಧ್ಯೆ ಪಲ್ಲವಿ ವಾಪಸ್ ಬಂದ ಹಾಗೆ ಬರುತ್ತೆ.

ಆರಂಭದಲ್ಲಿ ಎರಡು ತುಂಡು ಇವೆ. ಮೊದಲ ತುಂಡನ್ನು ಜೋರಾಗಿ ಒಮ್ಮೆ, ಮೆಲ್ಲಗೆ ಒಮ್ಮೆ ನುಡಿಸುತ್ತಾರೆ. ಎರಡನೇ ತುಂಡೂ ಹಾಗೇ. ಆಮೇಲೆ ಹಕ್ಕಿಗಳು ಬರುತ್ತವೆ. ಹಕ್ಕಿಗಳ ನಂತರ ವಾಪಸ್ ಬಂದದ್ದು ಯಾವ ತುಂಡು? ಎರಡನೆಯದು. ತೊರೆಯ ನಂತರ? ಮತ್ತೆ ಎರಡನೆಯದೇ. ಎಲ್ಲರಿಗೂ ಬಾಯಿಪಾಠ ಇರುವ ಆ ಮೊದಲ ತುಂಡು ಮತ್ತೆ ಬರೋದೇ ಇಲ್ಲ. ಇದನ್ನು ಸ್ವಂತ ಕಿವಿಯಿಂದ ಖಚಿತ ಮಾಡಿಕೊಳ್ಳಿ. ಗುಡುಗು ಮುಗಿದ ಮೇಲೆ ಬರುವಾಗ ಅದರ ಬಣ್ಣ ಕಪ್ಪಿಟ್ಟಿರುತ್ತೆ, ಮೇಜರ್ ಹೋಗಿ ಮೈನರ್ (ಗಾಂಧಾರ ಅರ್ಧ ಸ್ವರ ಇಳಿದದ್ದು) ಆಗಿರುತ್ತೆ. ಅದೇ ಪಲ್ಲವಿ, ಆಧಾರವೂ ಬೇರೆ, ಮುಖವೂ ಬೇರೆ.

ಈಗ ಎರಡನೇ ಭಾಗ ಹಾಕಿ. ಕುರಿ ಕಾಯುವವನು ಮರದಡಿ ಮಲಗಿದ್ದಾನೆ, ಪಕ್ಕದಲ್ಲಿ ನಾಯಿ. ಮೇಲೆ ಒಂಟಿ ಪಿಟೀಲು ನಿದ್ದೆಯ ಹಾಗೆ ಉದ್ದುದ್ದ ಎಳೆಯುತ್ತೆ. ಇತರ ಪಿಟೀಲುಗಳು ಎಲೆ ಸದ್ದು. ಇಷ್ಟು ದಿನ ಅಭ್ಯಾಸ ಮಾಡಿದ ಹಾಗೆ ಕೆಳಗಿನ ದನಿ ಹುಡುಕಿ ನೋಡಿ. ಸಿಗೋದಿಲ್ಲ. ಈ ಭಾಗಕ್ಕೆ ವಿವಾಲ್ಡಿ ಬೇಸ್ ಬರೆದೇ ಇಲ್ಲ. ಎಲ್ಲಕ್ಕಿಂತ ಕೆಳಗಿರೋದು ವಿಯೋಲ (ಪಿಟೀಲಿಗಿಂತ ಸ್ವಲ್ಪ ದೊಡ್ಡ ವಾದ್ಯ), ಅದೇ ನಾಯಿ. ಒಂದೇ ಸಮನೆ ಎರಡೆರಡು ಸಲ ಬೊಗಳುತ್ತೆ. ಯಾವಾಗಲೂ ತುಂಬ ಜೋರಾಗಿ, ಕಿತ್ತ ಹಾಗೆ ನುಡಿಸಬೇಕು ಅಂತ ಅಚ್ಚಾದ ಪ್ರತಿಯಲ್ಲೇ ಸೂಚನೆ ಇದೆ. ಕೆಲವು ತಂಡಗಳು ಇದನ್ನು ಮೃದು ಮಾಡಿ ನಾಯಿಯನ್ನೇ ಮಲಗಿಸಿಬಿಡುತ್ತವೆ. ಅಂಥ ಧ್ವನಿಮುದ್ರಣ ಸಿಕ್ಕರೆ ಬದಲಾಯಿಸಿ.

ಬೇಸ್ ಇಲ್ಲದ್ದು ನಿಮಗೆ ತಾನಾಗಿಯೇ ಗೊತ್ತಾಯಿತಾ? ಹಾಗಾದರೆ ಮೊದಲ ಮೂರು ಹಂತ ಕೆಲಸ ಮಾಡಿವೆ.

ಇದೇ ಜಾಡಿನಲ್ಲಿ ಇನ್ನೆರಡು ಕೇಳಿ. ಕೊರೆಲ್ಲಿಯ ಓಪಸ್ 6ರ ಎಂಟನೆಯದು, ಕ್ರಿಸ್‌ಮಸ್ ಕಾನ್ಚೆರ್ಟೊ. ಇದರಲ್ಲಿ ಎರಡು ಪಿಟೀಲು ಮತ್ತು ಒಂದು ಚೆಲ್ಲೋ ಸಣ್ಣ ಗುಂಪು, ಉಳಿದವರು ದೊಡ್ಡ ಗುಂಪು. ದನಿ ತೆಳುವಾಗೋದು, ದಪ್ಪವಾಗೋದು ಕೇಳಿಸಿದರೆ ಸಾಕು. ಆಮೇಲೆ ಬಾಖ್‌ನ ಐದನೇ ಬ್ರಾಂಡೆನ್‌ಬರ್ಗ್ ಕಾನ್ಚೆರ್ಟೊ, ಬಿಡಬ್ಲ್ಯೂವಿ 1050. ಕೊಳಲು, ಪಿಟೀಲು, ಹಾರ್ಪ್ಸಿಕಾರ್ಡ್ ಮೂವರೂ ಮುಂದೆ. ಮೊದಲ ಭಾಗದ ಕೊನೆಯ ಹತ್ತಿರ ಎಲ್ಲರೂ ಸುಮ್ಮನಾಗಿ ಹಾರ್ಪ್ಸಿಕಾರ್ಡ್‌ಗೆ ತನಿ ಬಿಡುತ್ತಾರೆ. 65 ಅಳತೆ. ಬೇರೆ ಕೃತಿಗಳಲ್ಲಿ ಮೂಲೆಯಲ್ಲಿ ಅಂಕಿ ನೋಡಿ ತುಂಬುವ ವಾದ್ಯ ಇದು, ನೆನಪಿರಲಿ. ನಮ್ಮ ತನಿಗೂ ಇದಕ್ಕೂ ಒಂದೇ ವ್ಯತ್ಯಾಸ, ಇಲ್ಲಿ ಬಾಖ್ ಪ್ರತಿ ಸ್ವರವನ್ನೂ ಬರೆದೇ ಇಟ್ಟಿದ್ದಾನೆ.

ಹಂತ 5: ಕಾಲಲ್ಲಿ ಕೇಳಿ

ಕೃತಿ: ಬಾಖ್‌ನ ಮೊದಲ ಚೆಲ್ಲೋ ಸೂಟ್, ಜಿ ಮೇಜರ್, ಬಿಡಬ್ಲ್ಯೂವಿ 1007.

ಸೂಟ್ ಅಂದರೆ ಕುಣಿತಗಳ ಸಾಲು. ಮೊದಲು ಒಂದು ಪ್ರೆಲ್ಯೂಡ್, ಆಮೇಲೆ ಅಲ್ಲೆಮಾಂಡ್, ಕೂರಾಂಟ್, ಸಾರಾಬಾಂಡ್, ಎರಡು ಮಿನುಯೆಟ್, ಕೊನೆಗೆ ಜೀಗ್.

ಪ್ರೆಲ್ಯೂಡ್ ನಮಗೆ ಹತ್ತಿರದ್ದು. ಒಂಟಿ ಚೆಲ್ಲೋ. ಆದರೂ ಬೇಸ್ ಇದೆ, ಅದನ್ನು ನೀವೇ ಹೆಕ್ಕಬೇಕು. ಪ್ರತಿ ಅರ್ಧ ಅಳತೆಯ ಮೊದಲ ಸ್ವರ ಅದು. ಮೊದಲ ನಾಲ್ಕು ಅಳತೆಯಲ್ಲಿ ಆ ಸ್ವರ ಕದಲೋದೇ ಇಲ್ಲ, ಸ, ಸ, ಸ, ಸ. ಬರೋಕ್‌ನಲ್ಲಿ ತಂಬೂರಿ ಸಿಕ್ಕ ಹಾಗೆ ಅನ್ನಿಸುತ್ತೆ. ಐದನೇ ಅಳತೆಯಲ್ಲಿ ಅದು ಜಾಗ ಬಿಟ್ಟು ಹೊರಡುತ್ತೆ. ಆ ಕ್ಷಣ ಹಿಡಿಯಿರಿ. ನಾನು ಎಷ್ಟು ಸಲ ಕೇಳಿದರೂ ಅಲ್ಲಿ ಉಸಿರು ಸ್ವಲ್ಪ ಹಿಡಿದುಕೊಳ್ಳುತ್ತೇನೆ.

ಕುಣಿತಗಳಿಗೆ ಬನ್ನಿ. ತೊಡೆ ಮೇಲೆ ಕೈಯಿಂದ ತಟ್ಟುತ್ತಾ ಕೇಳಿ. ಸಾರಾಬಾಂಡ್ ನಿಧಾನ, ಮೂರು ಎಣಿಕೆ, ಆದರೆ ಭಾರ ಹೆಚ್ಚಾಗಿ ಎರಡನೇ ಎಣಿಕೆ ಮೇಲೆ ಬೀಳುತ್ತೆ. ಒಂದು, ಎರಡೂ, ಮೂರು. ಒಂದರ ಮೇಲೇ ಒತ್ತು ಹಾಕಿದರೆ ಅದು ಮಿನುಯೆಟ್ ಥರ ಆಗಿಬಿಡುತ್ತೆ. ಜೀಗ್ ಜೋರು, ಆರು ಎಣಿಕೆ, ಮೂರು ಮೂರಾಗಿ ಒಡೆಯುತ್ತೆ.

ಪ್ರತಿ ಕುಣಿತಕ್ಕೂ ಎರಡು ಅರ್ಧ, ಪ್ರತಿ ಅರ್ಧವನ್ನೂ ಎರಡು ಸಲ ನುಡಿಸಬೇಕು. ಎರಡನೇ ಸಲ ಒಳ್ಳೆಯ ವಾದಕರು ಒಂದೆರಡು ಸಂಗತಿ ಸೇರಿಸುತ್ತಾರೆ. ಹೊಸಬರು "ಇದನ್ನ ಈಗಷ್ಟೇ ಕೇಳಿದ್ನಲ್ಲ" ಅಂತ ಮುಂದಕ್ಕೆ ಓಡಿಸಿಬಿಡುತ್ತಾರೆ. ಓಡಿಸಬೇಡಿ, ಮೊದಲ ಸಲಕ್ಕೂ ಎರಡನೇ ಸಲಕ್ಕೂ ಏನು ಬದಲಾಯಿತು ಅಂತ ಕೇಳಿ.

ಎಚ್ಚರಿಕೆಯ ಗುರುತು: ಎಲ್ಲ ಕುಣಿತಗಳೂ ರೈಲು ಓಡಿದ ಹಾಗೆ ಒಂದೇ ಸಮ ಕೇಳುತ್ತಿದ್ದರೆ ಎರಡೇ ಸಾಧ್ಯತೆ. ನೀವು ತಟ್ಟುತ್ತಿಲ್ಲ, ಇಲ್ಲವೇ ಆ ವಾದಕರಿಗೆ ಕುಣಿಯೋ ಮನಸ್ಸಿಲ್ಲ. ಇನ್ನೊಬ್ಬರದನ್ನು ಹಾಕಿ ನೋಡಿ.

ಹಂತ 6: ಮಾತು ಯಾವುದು, ಹಾಡು ಯಾವುದು

ಕೃತಿ: ಹ್ಯಾಂಡೆಲ್‌ನ 'ರಿನಾಲ್ಡೊ' ಒಪೆರಾದ 'ಲಾಶಾ ಕಿಯೊ ಪಿಯಾಂಗಾ'.

ಪೂರ್ತಿ ಒಪೆರಾ ಹಾಕಬೇಡಿ. ಮೂರು ಗಂಟೆ ಕೂತು, ಭಾಷೆ ಅರ್ಥವಾಗದೆ, ಇನ್ನು ಒಪೆರಾ ಸಹವಾಸವೇ ಬೇಡ ಅಂದವರನ್ನು ಬೇಕಾದಷ್ಟು ನೋಡಿದ್ದೇನೆ.

ಒಪೆರಾದಲ್ಲಿ ಎರಡು ಥರದ ಹಾಡಿಕೆ ಇರುತ್ತೆ. ಕಥೆ ಮುಂದೆ ಹೋಗೋದು ರೆಸಿಟಟಿವ್‌ನಲ್ಲಿ. ಅದು ಹರಿಕಥೆ ದಾಸರು ಮಾತಿಗೂ ಹಾಡಿಗೂ ಮಧ್ಯೆ ಹೇಳಿಕೊಂಡು ಹೋಗುತ್ತಾರಲ್ಲ, ಹಾಗೆ. ಕೆಳಗೆ ಹೆಚ್ಚಾಗಿ ಕಂಟಿನ್ಯೂವೋ ಮಾತ್ರ, ತಾಳ ಸಡಿಲ. ಭಾವ ನಿಲ್ಲೋದು ಆರಿಯಾದಲ್ಲಿ. ಈ ಹಾಡು ಆರಿಯಾ.

ರಚನೆ ಸರಳ: ಮೊದಲ ಭಾಗ, ಬೇರೊಂದು ಭಾಗ, ಮತ್ತೆ ಮೊದಲ ಭಾಗ. ಮೂರನೇದನ್ನು ಬೇರೆಯಾಗಿ ಬರೆದೇ ಇರೋದಿಲ್ಲ, ಮೊದಲಿಗೆ ಹೋಗಿ ಅಂತ ಸೂಚನೆ ಇರುತ್ತೆ ಅಷ್ಟೆ. ವಾಪಸ್ ಬಂದಾಗ ಗಾಯಕಿ ಹಾಗೇ ಹಾಡಬಾರದು, ಅಲಂಕರಿಸಿ ಹಾಡಬೇಕು. ಆ ಮೂರನೇ ಭಾಗವೇ ಅವಳ ಪರೀಕ್ಷೆ. ಒಬ್ಬರ ನಂತರ ಒಬ್ಬರಂತೆ ಮೂವರು ಗಾಯಕಿಯರದು ಹಾಕಿ, ಕೊನೆಯ ಭಾಗ ಮಾತ್ರ ಹೋಲಿಸಿ.

ತೊಡೆ ತಟ್ಟೋದು ಬಿಟ್ಟಿಲ್ಲ ತಾನೇ? ಎರಡನೇ ಎಣಿಕೆ ಮೇಲೆ ಭಾರ ಗೊತ್ತಾಗುತ್ತೆ. ಇದು ಸಾರಾಬಾಂಡ್. ಹ್ಯಾಂಡೆಲ್ ಇದೇ ರಾಗವನ್ನು 1705ರ 'ಅಲ್ಮಿರಾ'ದಲ್ಲಿ ಕುಣಿತಕ್ಕಾಗಿ ಬಳಸಿದ್ದ, 1707ರಲ್ಲಿ ಬೇರೆ ಸಾಹಿತ್ಯ ಹಾಕಿದ್ದ, 1711ರಲ್ಲಿ ಲಂಡನ್‌ನಲ್ಲಿ 'ರಿನಾಲ್ಡೊ'ಗೆ ತಂದ. ಆ ಕಾಲದಲ್ಲಿ ಇದು ಮಾಮೂಲು. ಬಾಖ್ ಕೂಡ ವಿವಾಲ್ಡಿಯ ನಾಲ್ಕು ಪಿಟೀಲಿನ ಕಾನ್ಚೆರ್ಟೊವನ್ನು ನಾಲ್ಕು ಹಾರ್ಪ್ಸಿಕಾರ್ಡ್‌ಗೆ ಹೊಂದಿಸಿಕೊಂಡಿದ್ದಾನೆ.

ಸ್ವಲ್ಪ ನಿಲ್ಲಿ: ಗುಂಡಿಗಳು

ಏಳನೇ ಹಂತಕ್ಕೆ ಹೋಗುವ ಮುಂಚೆ ಮೂರು ಮಾತು. 'ಅಲ್ಬಿನೋನಿಯ ಅದಾಜಿಯೊ' ಎಂದು ಎಲ್ಲ ಬರೋಕ್ ಸಂಗ್ರಹಗಳಲ್ಲೂ ಇರುವ ಕೃತಿ ಬರೋಕ್ ಅಲ್ಲ. ರೆಮೊ ಜಿಯಾಜೊಟ್ಟೊ ಎಂಬುವವರು 20ನೇ ಶತಮಾನದಲ್ಲಿ ಬರೆದು 1958ರಲ್ಲಿ ಪ್ರಕಟಿಸಿದ್ದು. ಕೀಬೋರ್ಡ್ ಕಲಿಯುವ ಮಕ್ಕಳೆಲ್ಲ ನುಡಿಸುವ ಜಿ ಮೇಜರ್ ಮಿನುಯೆಟ್ ಬಾಖ್‌ದಲ್ಲ, ಕ್ರಿಸ್ಟಿಯನ್ ಪೆಟ್ಜೋಲ್ಡ್‌ದು. 'ಏರ್ ಆನ್ ದ ಜಿ ಸ್ಟ್ರಿಂಗ್' ಬಾಖ್‌ದೇ, ಆದರೆ ಆ ಹೆಸರು ಬಂದದ್ದು ನಂತರದ ಒಂದು ಪಿಟೀಲು ರೂಪಾಂತರದಿಂದ. ಮೂಲ ಬೇಕಾದರೆ ಬಿಡಬ್ಲ್ಯೂವಿ 1068ರ ಎರಡನೇ ಭಾಗ ಹಾಕಿ. ಅದರ ಬೇಸ್ ಗುನುಗಿ ನೋಡಿ, ಸುಮ್ಮನೆ ನಡೆದುಕೊಂಡು ಹೋಗುತ್ತಿರುತ್ತೆ.

'ನಿದ್ದೆಗೆ ಬರೋಕ್', 'ಓದೋಕೆ ಬರೋಕ್' ಪ್ಲೇಲಿಸ್ಟ್‌ಗಳನ್ನು ಈ ಎಂಟು ಹಂತ ಮುಗಿಯೋವರೆಗೆ ದೂರ ಇಡಿ. ಅವುಗಳಲ್ಲಿ ನಿಧಾನದ ಭಾಗಗಳನ್ನಷ್ಟೇ ಕಿತ್ತು ಜೋಡಿಸಿರುತ್ತಾರೆ. ಬರೀ ಮೊಸರನ್ನ ತಿಂದು ಊಟ ಹೇಗಿತ್ತು ಅಂತ ಹೇಳೋಕಾಗುತ್ತಾ?

ಫ್ರೆಂಚರ ವಿಷಯ ಇಲ್ಲಿ ಎರಡೇ ಸಾಲು. ಲುಲ್ಲಿ, ಕೂಪರಾನ್, ರಾಮೋ ಇವರದ್ದು ಬೇರೆ ರುಚಿ. ಸಮ ಸಮವಾಗಿ ಬರೆದ ಸ್ವರಗಳನ್ನೂ ಕುಂಟಿಸಿ, ಸ್ವಲ್ಪ ಉದ್ದ ಸ್ವಲ್ಪ ಗಿಡ್ಡ ಮಾಡಿ ನುಡಿಸುತ್ತಾರೆ. ಇಟಲಿಯ ಓಟಕ್ಕೆ ಕಿವಿ ಹೊಂದಿದ ಮೇಲೆ ಇವರ ಹತ್ತಿರ ಹೋದರೆ ಚೆನ್ನ. ಮೊದಲು ಕೂಪರಾನ್‌ನ 'ಲೆ ಬಾರಿಕಾದ್ ಮಿಸ್ತೇರಿಯೂಸ್' ಕೇಳಿ, ಅದು ಪೂರ್ತಿ ಹಾರ್ಪ್ಸಿಕಾರ್ಡ್‌ನ ಕೆಳಭಾಗದಲ್ಲೇ ಓಡಾಡುತ್ತೆ.

ಹಂತ 7: ಫ್ಯೂಗ್, ಒಂದು ಹೊತ್ತಿಗೆ ಒಂದೇ ದನಿ

ಕೃತಿ: ಬಾಖ್‌ನ ಜಿ ಮೈನರ್ 'ಲಿಟಲ್ ಫ್ಯೂಗ್', ಬಿಡಬ್ಲ್ಯೂವಿ 578, ಆರ್ಗನ್‌ಗೆ.

ಒಂದೇ ಸಣ್ಣ ಸಾಲನ್ನು ದನಿಗಳು ಒಂದರ ನಂತರ ಒಂದು ಎತ್ತಿಕೊಂಡು ಹೆಣೆಯೋದಕ್ಕೆ ಫ್ಯೂಗ್ ಅನ್ನುತ್ತಾರೆ. ಜನ ಇದಕ್ಕೆ ಹೆದರೋದು ಒಂದು ತಪ್ಪು ಕಲ್ಪನೆಯಿಂದ. ನಾಲ್ಕು ದನಿಯನ್ನೂ ಒಟ್ಟಿಗೆ ಕೇಳಬೇಕು ಅಂದುಕೊಂಡಿರುತ್ತಾರೆ. ನನ್ನ ಕೈಲಂತೂ ಆಗೋದಿಲ್ಲ. ಕಿವಿ ಒಂದರಿಂದ ಒಂದಕ್ಕೆ ಹಾರುತ್ತೆ. ಯಾವಾಗ ಹಾರಬೇಕು ಅನ್ನೋದು ಗೊತ್ತಿದ್ದರೆ ಆಯಿತು.

ಮೊದಲು ಆ ಸಾಲನ್ನು ಕಲಿಯಿರಿ, ಅದಕ್ಕೆ ವಿಷಯ ಅನ್ನುತ್ತಾರೆ. ಸ, ಪ, ಗ ಎಂದು ಮೂರು ನಿಂತ ಸ್ವರ, ಆಮೇಲೆ ರಿ ಸ ಎಂದು ಇಳಿದು ಚಲನೆ ಶುರು. ಗ ಇಲ್ಲಿ ಸಾಧಾರಣ ಗಾಂಧಾರ. ಈ ಸ ಪ ಗ ಕೇಳಿದ ತಕ್ಷಣ ಗುರುತು ಸಿಗೋ ತನಕ ಮೊದಲ ಇಪ್ಪತ್ತು ಸೆಕೆಂಡನ್ನೇ ಮತ್ತೆ ಮತ್ತೆ ಹಾಕಿ. ಇದನ್ನು ಹಾರಿಸಿದರೆ ಮುಂದೇನೂ ಕೇಳಿಸೋದಿಲ್ಲ.

ಈಗ ಪೂರ್ತಿ ಹಾಕಿ. ವಿಷಯ ಮೊದಲು ಎಲ್ಲಕ್ಕಿಂತ ಮೇಲಿನ ದನಿಯಲ್ಲಿ ಬರುತ್ತೆ. ಆಮೇಲೆ ಅದರ ಕೆಳಗಿನದರಲ್ಲಿ, ಪ ಸ್ವರವನ್ನೇ ಸ ಮಾಡಿಕೊಂಡು. ಆಮೇಲೆ ಇನ್ನೂ ಕೆಳಗೆ. ನಾಲ್ಕನೇದು ಕಾಲಿನಲ್ಲಿ, ಪೆಡಲ್ ಮೇಲೆ. ಮೇಲಿಂದ ಕೆಳಕ್ಕೆ ಒಂದೊಂದೇ ಮೆಟ್ಟಿಲು, ಹೊಸಬರಿಗೆ ಇದಕ್ಕಿಂತ ಅನುಕೂಲದ ಫ್ಯೂಗ್ ನಾನು ಕಂಡಿಲ್ಲ. ಕಾಲು ಕಾಣುವ ವಿಡಿಯೊ ಹುಡ್ಕಿ. ಬೂಟಿನ ತುದಿ ಆ ಸ ಪ ಗ ಒತ್ತೋದನ್ನು ನೋಡಿದ ಮೇಲೆ ಆ ದನಿ ಕೇಳಿಸದೇ ಇರೋಕೆ ಸಾಧ್ಯವೇ ಇಲ್ಲ.

ನಾಲ್ಕೂ ಬಂದಾದ ಮೇಲೆ ವಿಷಯ ಸ್ವಲ್ಪ ಹೊತ್ತು ಕಾಣೆಯಾಗುತ್ತೆ. ಅಲ್ಲಿ ಸುಮ್ಮನೆ ಇರಿ. ಮತ್ತೆ ಸ ಪ ಗ ಕೇಳಿಸಿದಾಗ ಗೀಟು ಹಾಕಿ, ಯಾವ ದನಿಯಲ್ಲಿ ಅಂತ ಪಕ್ಕದಲ್ಲಿ ಬರೆಯಿರಿ. ಮೊದಲ ದಿನ ಅರ್ಧ ತಪ್ಪಿದರೂ ಬೇಜಾರಿಲ್ಲ.

ಸಾಮಾನ್ಯ ತಪ್ಪು: ಫ್ಯೂಗ್ ಅಂದರೆ 'ಆರ್ಟ್ ಆಫ್ ಫ್ಯೂಗ್'ನಿಂದಲೇ ಶುರು ಮಾಡೋದು. ಸರಳೆ ವರಸೆ ಬಿಟ್ಟು ಅಟತಾಳ ವರ್ಣಕ್ಕೆ ಕೈ ಹಾಕಿದ ಹಾಗೆ.

ಹಂತ 8: ರಾಗ ಹುಡುಕಬೇಡಿ, ನೆಲ ಹುಡುಕಿ

ಕೃತಿ: ಬಾಖ್‌ನ 'ಗೋಲ್ಡ್‌ಬರ್ಗ್ ವೇರಿಯೇಶನ್ಸ್', ಬಿಡಬ್ಲ್ಯೂವಿ 988, ಪ್ರಕಟಣೆ 1741.

ಒಂದು ಆರಿಯಾ (ಇಲ್ಲಿ ಹಾಡಲ್ಲ, ವಾದ್ಯದ ತುಣುಕು), 30 ರೂಪಾಂತರ, ಕೊನೆಗೆ ಮತ್ತೆ ಅದೇ ಆರಿಯಾ. ಇದನ್ನು ಕೇಳಿದವರಲ್ಲಿ ಹೆಚ್ಚಿನವರು "ರೂಪಾಂತರ ಅಂತೀರಿ, ಮೂಲ ರಾಗ ಎಲ್ಲೂ ಬರ್ಲಿಲ್ವಲ್ಲ" ಅನ್ನುತ್ತಾರೆ. ಸರಿಯಾಗೇ ಕೇಳಿದ್ದಾರೆ, ಬರೋದಿಲ್ಲ. ಬಾಖ್ ಬದಲಾಯಿಸುತ್ತಾ ಹೋಗೋದು ಬೇಸ್ ಮೇಲೆ ಕಟ್ಟಿದ್ದನ್ನು. ಆರಿಯಾದ ಬೇಸ್‌ನ ಮೊದಲ ಎಂಟು ಅಳತೆಯ ಮುಖ್ಯ ಸ್ವರಗಳು ಹೀಗೆ: ಸ ನಿ ದ ಪ, ಗ ಮ ಪ ಸ. ಮತ್ತೆ ಶಂಕರಾಭರಣ. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಪಾಖೆಲ್‌ಬೆಲ್‌ನ ಎಂಟು ಸ್ವರ ಬಂದಿದ್ದರೆ ಇದು ಹತ್ತು ನಿಮಿಷದ ಕೆಲಸ.

ಪೂರ್ತಿ ಒಂದೇ ಸಲ ಕೇಳಬೇಡಿ. ಆರಿಯಾ ಹಾಕಿ, ಎರಡನೇ ಎಣಿಕೆಯ ಭಾರ ನೋಡಿ, ಇದೂ ಸಾರಾಬಾಂಡೇ. ನಂತರ ಮೊದಲನೇ ರೂಪಾಂತರ ಹಾಕಿ, ಮೇಲಿನ ಗಲಾಟೆ ಲೆಕ್ಕಿಸದೆ ಸ ನಿ ದ ಪ ಗುನುಗಿ. ಆಮೇಲೆ 3ನೆಯದು. ಇಲ್ಲಿಂದ 27ರವರೆಗೆ ಪ್ರತಿ ಮೂರನೆಯದೂ ಕ್ಯಾನನ್, ಒಬ್ಬರ ಹಿಂದೆ ಒಬ್ಬರು, ಮೊದಲ ಹಂತದಲ್ಲಿ ಕೇಳಿದ್ದೇ. 10ನೆಯದು ಪುಟ್ಟ ಫ್ಯೂಗ್. 16ನೆಯದು ಲುಲ್ಲಿ ಶೈಲಿಯ ಫ್ರೆಂಚ್ ಓವರ್ಚರ್ (ಒಪೆರಾ ಶುರುವಾಗುವಾಗ ನುಡಿಸುವ ಥರದ್ದು), ಮೊದಲರ್ಧ ಠೀವಿ, ಎರಡನೇ ಅರ್ಧ ಓಟ.

ಯಾರದು ಕೇಳೋದು? ಪಿಯಾನೊದಲ್ಲಿ ಗ್ಲೆನ್ ಗೂಲ್ಡ್ 1955ರಲ್ಲಿ ಒಮ್ಮೆ, 1981ರಲ್ಲಿ ಒಮ್ಮೆ ಧ್ವನಿಮುದ್ರಿಸಿದ್ದಾರೆ. 1955ರದ್ದು ಮಿಂಚು, ಆದರೆ ಬೇಸ್ ಹುಡುಕುವ ಹೊಸಬರಿಗೆ ಅದು ಕೈಗೆ ಸಿಗೋದಿಲ್ಲ. 1981ರದ್ದು ನಿಧಾನ, ಎಡಗೈ ಸ್ಪಷ್ಟ. ಅವರು ಜೊತೆಗೇ ಗುನುಗೋದೂ ಕೇಳುತ್ತೆ, ಧ್ವನಿಮುದ್ರಣದ ದೋಷ ಅಂದುಕೊಳ್ಳಬೇಡಿ. ಹಾರ್ಪ್ಸಿಕಾರ್ಡ್‌ನಲ್ಲೂ ಒಂದು ಕೇಳಿ, ಬಾಖ್ ಬರೆದದ್ದು ಎರಡು ಸಾಲು ಕೀಲಿಗಳಿರುವ ಹಾರ್ಪ್ಸಿಕಾರ್ಡ್‌ಗೆ.

ಕೊನೆಗೆ 21ನೆಯದನ್ನು ಇಟ್ಟುಕೊಳ್ಳಿ. ಮೂರೇ ಮೂರು ಮೈನರ್ ರೂಪಾಂತರಗಳಲ್ಲಿ ಇದು ಎರಡನೆಯದು. ಎಲ್ಲ ಕೆಲಸ ಮುಗಿಸಿ, ಇಯರ್‌ಫೋನ್ ಹಾಕಿ, ಎಡಗೈ ಕಡೆ ಕಿವಿ ಕೊಡಿ. ಸ ನಿ ದ ಪ ಈಗ ನೇರ ಇಳಿಯೋದಿಲ್ಲ. ಎರಡು ನಿ, ಎರಡು ದ, ಒಂದು ಮೆಟ್ಟಿಲೂ ಬಿಡದೆ. ಅತ್ತಿಗೆಗೆ ಇದನ್ನು ಹಾಕಿದಾಗ ನಾನೇನೂ ಹೇಳಿರಲಿಲ್ಲ. ನಾಲ್ಕು ಅಳತೆ ಕೇಳಿ ಒಂದು ಇಯರ್‌ಫೋನ್ ತೆಗೆದು, "ಆವತ್ತು ಮೂರು ಸಲ ತಪ್ಪು ಹಾಡಿದ್ನಲ್ಲ, ಅದೇ ಅಲ್ವಾ ಇದು?" ಅಂದರು.